ತೂಕ 1,400 ಗ್ರಾಂ, ಮೈ ತಣ್ಣಗಿದೆ

ಜಿಲ್ಲಾ ಆಸ್ಪತ್ರೆಯ ಹೆರಿಗೆ ವಾರ್ಡಿನ ಮಗ್ಗುಲಲ್ಲಿ, ಚಪ್ಪಲಿ ಬಿಟ್ಟು ಕೈ ತೊಳೆದು ಒಳಗೆ ಹೋಗಬೇಕಾದ ಒಂದು ಬಾಗಿಲಿರುತ್ತದೆ. ಮೇಲೆ ‘ಎಸ್‌ಎನ್‌ಸಿಯು’ ಎಂಬ ಫಲಕ. ಸರಕಾರಿ ಕನ್ನಡದಲ್ಲಿ ವಿಶೇಷ ನವಜಾತ ಶಿಶು ಆರೈಕೆ ಘಟಕ. ಹೊರಗೆ ಕಾರಿಡಾರಿನಲ್ಲಿ ಚಾಪೆ ಹಾಸಿ ಕುಳಿತ ಅಜ್ಜಿಯನ್ನು ಕೇಳಿದರೆ, ‘ಕೂಸನ್ನ ಗ್ಲಾಸಿನಾಗ ಇಟ್ಟಾರ್ರಿ’ ಎನ್ನುತ್ತಾಳೆ. ಮುಂದೆ ಯಾರೂ ಏನೂ ಕೇಳುವುದಿಲ್ಲ. ದಿನ ತುಂಬಿಲ್ಲ, ಇಲ್ಲವೇ ತೂಕ ಕಮ್ಮಿ, ಇಲ್ಲವೇ ಹುಟ್ಟಿದ ತಕ್ಷಣ ಅತ್ತಿಲ್ಲ ಎಂಬುದು ಕೇಳಿದವರಿಗೆ ಗೊತ್ತಾಗಿರುತ್ತದೆ.

ಒಳಗೆ ಸಿಸ್ಟರ್‌ಗಳ ಮೇಜಿನ ಮೇಲೆ ಒಂದು ದಪ್ಪ ರಿಜಿಸ್ಟರ್. ಅದೇ ಮಾಹಿತಿ ಈಗ ಕಂಪ್ಯೂಟರಿಗೂ ಹೋಗುತ್ತದೆ. ಮಗುವಿಗೆ ಇನ್ನೂ ಹೆಸರಿಟ್ಟಿರುವುದಿಲ್ಲ, ಹಾಗಾಗಿ ‘ಬೇಬಿ ಆಫ್’ ಎಂದು ಬರೆದು ತಾಯಿಯ ಹೆಸರು. ಆಮೇಲೆ ತೂಕ, ಎಷ್ಟು ವಾರಕ್ಕೆ ಹುಟ್ಟಿದ್ದು, ಇದೇ ಆಸ್ಪತ್ರೆಯಲ್ಲೋ ಹೊರಗೋ, ಒಳಗೆ ಬಂದ ಹೊತ್ತು, ಆಗ ಮೈ ಎಷ್ಟು ಬೆಚ್ಚಗಿತ್ತು, ಏನು ತೊಂದರೆ. ಕೊನೆಯ ಕಾಲಂನಲ್ಲಿ ನಾಲ್ಕು ಪದಗಳಲ್ಲಿ ಒಂದು ಬೀಳುತ್ತದೆ: ಡಿಸ್ಚಾರ್ಜ್, ರೆಫರ್, ಲಾಮಾ, ಡೆತ್. ಲಾಮಾ ಎಂದರೆ ವೈದ್ಯರು ಬೇಡವೆಂದರೂ ಮನೆಯವರೇ ಸಹಿ ಹಾಕಿ ಮಗುವನ್ನು ಕರೆದುಕೊಂಡು ಹೋದದ್ದು.

ತಿಂಗಳ ಕೊನೆಗೆ ಈ ಕಾಲಂ ಕೂಡಿಸಿ ಶೇಕಡಾವಾರು ತೆಗೆಯುತ್ತಾರೆ. ಬದುಕಿದವರು ಇಷ್ಟು, ತೀರಿಹೋದವರು ಇಷ್ಟು. ಪರಿಶೀಲನಾ ಸಭೆಗಳಲ್ಲಿ ಈ ಸಂಖ್ಯೆಯನ್ನು ಇಟ್ಟುಕೊಂಡೇ ಯಾವ ಘಟಕ ಚೆನ್ನಾಗಿ ನಡೆಯುತ್ತಿದೆ, ಯಾವುದು ಇಲ್ಲ ಎಂದು ತೀರ್ಮಾನಿಸುವುದುಂಟು. ಈಗ ಎರಡು ಘಟಕಗಳನ್ನು ಊಹಿಸಿಕೊಳ್ಳಿ. ಒಂದರಲ್ಲಿ ನೂರಕ್ಕೆ ಐದು ಮಕ್ಕಳು ತೀರಿಹೋದವು, ಇನ್ನೊಂದರಲ್ಲಿ ಹನ್ನೆರಡು. ಮೊದಲನೆಯದೇ ಒಳ್ಳೆಯದು ಅನ್ನಿಸುತ್ತದೆ. ಆದರೆ ಮೊದಲನೆಯದು ಕಾಮಾಲೆ ಬಂದು ಲೈಟಿಗೆ ಇಡಬೇಕಾದ, ಎರಡೂವರೆ ಕಿಲೋ ತೂಗುವ, ಅಲ್ಲೇ ಹುಟ್ಟಿದ ಮಕ್ಕಳನ್ನು ಧಾರಾಳವಾಗಿ ಸೇರಿಸಿಕೊಳ್ಳುತ್ತದೆ. ಕಿಲೋ ತೂಗದ ಮಗು ಬಂದರೆ ‘ಬೆಡ್ ಇಲ್ಲ’ ಎಂದು ಮುಂದಕ್ಕೆ ಬರೆದುಕೊಡುತ್ತದೆ. ಆ ಮುಂದಿನ ಊರಿನ ಘಟಕವೇ ಎರಡನೆಯದು. ಒಂದರ ಸಾವು ಇನ್ನೊಂದರ ರಿಜಿಸ್ಟರಿನಲ್ಲಿ ಬೀಳುತ್ತಿದೆ.

ನವಜಾತ ಶಿಶುಗಳ ತೀವ್ರ ನಿಗಾದ ಚರಿತ್ರೆಯನ್ನು ಯಂತ್ರಗಳ ಚರಿತ್ರೆಯಾಗಿ ಹೇಳುವುದು ರೂಢಿ. ನನಗೆ ಅದು ಅರ್ಧ ಕತೆ ಅನ್ನಿಸುತ್ತದೆ. ಯಾವ ಮಗು ಬಾಗಿಲವರೆಗೆ ಬಂತು, ಎಷ್ಟು ಹೊತ್ತಿಗೆ ಬಂತು, ಬರುವಾಗ ಮೈ ಬೆಚ್ಚಗಿತ್ತೇ ಎಂಬುದರಲ್ಲೇ ಫಲಿತಾಂಶದ ದೊಡ್ಡ ಪಾಲು ನಿರ್ಧಾರವಾಗಿರುತ್ತದೆ. ಭಾರತದಲ್ಲಿ ಮೊದಲ 28 ದಿನಗಳಲ್ಲಿ ತೀರಿಕೊಳ್ಳುವ ಕೂಸುಗಳಲ್ಲಿ ಮುಕ್ಕಾಲು ಪಾಲು ಮೊದಲ ವಾರದಲ್ಲೇ ಹೋಗುತ್ತವೆ, ಮೂರನೇ ಒಂದಕ್ಕೂ ಹೆಚ್ಚು ಪಾಲು ಮೊದಲ ದಿನವೇ. ಅಂದರೆ ಗಡುವು ದಿನಗಳದ್ದಲ್ಲ, ಗಂಟೆಗಳದ್ದು.

ಈ ಕತೆ ಶುರುವಾಗುವುದು ಪ್ಯಾರಿಸ್ಸಿನ ಪ್ರಾಣಿ ಸಂಗ್ರಹಾಲಯದಲ್ಲಿ. 1878ರಲ್ಲಿ ಸ್ಟೆಫಾನ್ ಟಾರ್ನಿಯೆ ಎಂಬ ಹೆರಿಗೆ ವೈದ್ಯ ಅಲ್ಲಿ ಕೋಳಿಮೊಟ್ಟೆಗೆ ಕಾವು ಕೊಡುವ ಪೆಟ್ಟಿಗೆಯನ್ನು ಕಂಡ. ಅದನ್ನು ಮಾಡಿದ ಓಡಿಲ್ ಮಾರ್ತಾಂಗೇ ಹೇಳಿ ಮಕ್ಕಳಿಗಾಗಿ ಅಂಥದ್ದೊಂದನ್ನು ಮಾಡಿಸಿದ. 1880ರ ಹೊತ್ತಿಗೆ ಪ್ಯಾರಿಸ್ ಮೆಟರ್ನಿಟಿ ಆಸ್ಪತ್ರೆಯಲ್ಲಿ ಅದು ಬಳಕೆಗೆ ಬಂತು. ಕೆಳಗೆ ಬಿಸಿನೀರಿನ ತೊಟ್ಟಿ, ಮೇಲೆ ಒಂದಕ್ಕಿಂತ ಹೆಚ್ಚು ಕೂಸುಗಳನ್ನು ಮಲಗಿಸುವಷ್ಟು ಜಾಗ. ಎರಡು ಕಿಲೋಗಿಂತ ಕಡಿಮೆ ತೂಕದ ಮಕ್ಕಳಲ್ಲಿ ಮೊದಲು ನೂರಕ್ಕೆ 66 ಸಾಯುತ್ತಿದ್ದವು, ಪೆಟ್ಟಿಗೆ ಬಂದ ಮೇಲೆ 38. ಔಷಧಿಯಿಲ್ಲ, ಆಮ್ಲಜನಕವಿಲ್ಲ, ಬರೀ ಬಿಸಿ.

ಟಾರ್ನಿಯೆಯ ಶಿಷ್ಯ ಪಿಯೆರ್ ಬ್ಯುಡಾಂ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ಒಳಗೆ ಬರುವಾಗಲೇ ಮೈ ತಣ್ಣಗಾಗಿದ್ದ ಕೂಸುಗಳು ಉಳಿಯುವುದು ಅಪರೂಪ ಎಂದು ಲೆಕ್ಕ ಇಟ್ಟು ತೋರಿಸಿದವನು ಅವನು. ತಾಯಂದಿರು ಹತ್ತಿರವೇ ಇದ್ದು ಹಾಲೂಡಬೇಕೆಂದು ಪಟ್ಟು ಹಿಡಿದವನೂ ಅವನೇ. ಅವನ ಮಾತಿನ ಮೊದಲರ್ಧವನ್ನು ಜಗತ್ತು ಒಪ್ಪಿಕೊಂಡಿತು. ಉತ್ತರಾರ್ಧಕ್ಕೆ ನೂರು ವರ್ಷಕ್ಕೂ ಹೆಚ್ಚು ಕಾಯಬೇಕಾಯಿತು.

ಅಮೆರಿಕದಲ್ಲಿ ಈ ಪೆಟ್ಟಿಗೆಗಳು ಹೆಸರಾದದ್ದು ಆಸ್ಪತ್ರೆಗಿಂತ ಹೆಚ್ಚಾಗಿ ಜಾತ್ರೆಯಲ್ಲಿ. ನ್ಯೂಯಾರ್ಕಿನ ಕೋನಿ ಐಲೆಂಡ್ ಎಂಬ ಕಡಲತೀರದ ಮೋಜಿನ ತಾಣದಲ್ಲಿ ಮಾರ್ಟಿನ್ ಕೌನಿ 1903ರಿಂದ 1943ರವರೆಗೆ ಜೀವಂತ ಕೂಸುಗಳ ಪ್ರದರ್ಶನ ನಡೆಸಿದ. 25 ಸೆಂಟ್ ಕೊಟ್ಟು ಜನ ನೋಡಿ ಹೋಗುತ್ತಿದ್ದರು, ಆ ದುಡ್ಡಿನಲ್ಲಿ ನರ್ಸ್‌ಗಳ ಸಂಬಳ. ಹೆತ್ತವರಿಂದ ಒಂದು ಕಾಸೂ ಇಲ್ಲ. ಸುಮಾರು 8,000 ಮಕ್ಕಳು ಬಂದವು, 6,500 ಉಳಿದವು ಎಂಬುದು ಅವನದೇ ಲೆಕ್ಕ. ಅವನು ವೈದ್ಯಕೀಯ ಓದಿದ್ದಕ್ಕೆ ದಾಖಲೆ ಸಿಕ್ಕಿಲ್ಲ. ಆದರೂ ಆ ಕಾಲದ ಎಷ್ಟೋ ಓದಿದವರಿಗಿಂತ ಹೆಚ್ಚು ಮಕ್ಕಳನ್ನು ಉಳಿಸಿದ ಎನ್ನಲು ಅಡ್ಡಿಯಿಲ್ಲ. ಆದರೆ ಆ 6,500ನ್ನು ಓದುವಾಗ ಒಂದು ಎಚ್ಚರ ಬೇಕು. ಕೋನಿ ಐಲೆಂಡಿನವರೆಗೆ ಬಂದ ಕೂಸು ಹುಟ್ಟಿದ ಮೊದಲ ಕೆಲವು ಗಂಟೆಗಳನ್ನು ಆಗಲೇ ದಾಟಿರುತ್ತಿತ್ತು. ತೀರಾ ಬಡಕಲಾಗಿದ್ದವು ದಾರಿಯಲ್ಲೋ ಮನೆಯಲ್ಲೋ ಹೋಗಿ, ಯಾರ ಲೆಕ್ಕಕ್ಕೂ ಸಿಗಲಿಲ್ಲ.

ಬಿಸಿಯ ವಿಷಯದಲ್ಲಿ ಎಷ್ಟು ಸಣ್ಣ ವ್ಯತ್ಯಾಸ ಎಷ್ಟು ದೊಡ್ಡದಾಗುತ್ತದೆ ಎಂದು ಪ್ರಯೋಗ ಮಾಡಿಯೇ ತೋರಿಸಿದ್ದು ನ್ಯೂಯಾರ್ಕಿನ ವಿಲಿಯಂ ಸಿಲ್ವರ್‌ಮನ್, 1958ರಲ್ಲಿ. ದಿನ ತುಂಬದ ಮಕ್ಕಳಲ್ಲಿ ಒಂದು ಗುಂಪನ್ನು 28.9 ಡಿಗ್ರಿಯ ಇನ್‌ಕ್ಯುಬೇಟರಿನಲ್ಲೂ ಇನ್ನೊಂದನ್ನು 31.7 ಡಿಗ್ರಿಯದರಲ್ಲೂ ಇಟ್ಟರು. ಮೂರು ಡಿಗ್ರಿಯೂ ಇಲ್ಲದ ಅಂತರ. ಮೊದಲ ಗುಂಪಿನಲ್ಲಿ ನೂರಕ್ಕೆ 68 ಉಳಿದವು, ಎರಡನೆಯದರಲ್ಲಿ ಸುಮಾರು 84. ಅರ್ಧ ಶತಮಾನದ ನಂತರ, 2007ರಲ್ಲಿ, ವೆಂಟಿಲೇಟರ್ ಮತ್ತು ಎಲ್ಲ ಔಷಧಿಗಳಿದ್ದ ಅಮೆರಿಕದ ದೊಡ್ಡ ಆಸ್ಪತ್ರೆಗಳ ಜಾಲವೊಂದು ಒಂದೂವರೆ ಕಿಲೋಗಿಂತ ಕಡಿಮೆ ತೂಕದ ಮಕ್ಕಳ ದಾಖಲೆಗಳನ್ನು ಜಾಲಾಡಿತು. ಐಸಿಯು ಸೇರುವಾಗಿನ ಮೈಬಿಸಿ ಒಂದು ಡಿಗ್ರಿ ಕಡಿಮೆಯಾದಂತೆಲ್ಲ ಸಾವಿನ ಸಂಭವ ಶೇ 28ರಷ್ಟು ಏರುತ್ತಿತ್ತು.

ನಮ್ಮಲ್ಲಿ ಇದು ನಡೆಯುವ ಬಗೆಯನ್ನು ಹತ್ತಿರದಿಂದ ನೋಡೋಣ. ತಾಲ್ಲೂಕು ಆಸ್ಪತ್ರೆ, ರಾತ್ರಿ ಎರಡು ಗಂಟೆ, 32 ವಾರಕ್ಕೆ ಹೆರಿಗೆ. ಕೂಸು ಗರ್ಭದ ನೀರಿನಲ್ಲಿ ನೆನೆದು ಹೊರಬಂದಿದೆ. ಸೆಕೆಯೆಂದು ತಲೆ ಮೇಲೆ ಫ್ಯಾನ್ ತಿರುಗುತ್ತಿದೆ. ನಮಗೆ ಹಿತವಾದ ಕೋಣೆ ಒದ್ದೆ ಕೂಸಿಗೆ ಚಳಿಗಾಲ: ಮೈಮೇಲಿನ ನೀರು ಆರುತ್ತ ಬಿಸಿಯನ್ನು ಕೊಂಡೊಯ್ಯುತ್ತದೆ, ತಣ್ಣನೆಯ ಟೇಬಲ್ಲು ಇನ್ನಷ್ಟು ಎಳೆಯುತ್ತದೆ, ಹತ್ತಿರದ ಗೋಡೆ ಕೂಡ ಮುಟ್ಟದೆಯೇ ಎಳೆಯುತ್ತದೆ. ತೂಕಕ್ಕೆ ಹೋಲಿಸಿದರೆ ಕೂಸಿನ ಚರ್ಮದ ಹರವು ದೊಡ್ಡವರದಕ್ಕಿಂತ ಸುಮಾರು ಮೂರು ಪಟ್ಟು. ಅದಕ್ಕೆ ನಮ್ಮ ಹಾಗೆ ನಡುಗಿ ಬಿಸಿ ಹುಟ್ಟಿಸಲು ಬರುವುದಿಲ್ಲ. ಬೆನ್ನು, ಕತ್ತಿನ ಸುತ್ತ ಇರುವ ಕಂದು ಕೊಬ್ಬನ್ನು ಸುಡುತ್ತದೆ, ಆದರೆ ಆ ಕೊಬ್ಬು ಶೇಖರವಾಗುವುದೇ ಗರ್ಭದ ಕೊನೆಯ ತಿಂಗಳುಗಳಲ್ಲಿ. ಒರೆಸದೆ ಬಿಟ್ಟರೆ ಒಳಮೈಯ ಉಷ್ಣತೆ ನಿಮಿಷಕ್ಕೆ 0.1 ಡಿಗ್ರಿಯಂತೆ ಇಳಿಯಬಲ್ಲದು. ಹತ್ತು ನಿಮಿಷಕ್ಕೆ ಒಂದು ಡಿಗ್ರಿ.

108 ಆಂಬುಲೆನ್ಸ್ ಬರುತ್ತದೆ. ತಾಯಿಗೆ ಇನ್ನೂ ಹೊಲಿಗೆ ಹಾಕುತ್ತಿದ್ದಾರೆ, ಅವಳು ಅಲ್ಲೇ. ಕೂಸು ಅಜ್ಜಿಯ ತೊಡೆಯ ಮೇಲೆ, ಹುಟ್ಟಿದಾಗ ಒರೆಸಿದ ಅದೇ ಟವೆಲಿನಲ್ಲಿ. ಟವೆಲು ಒದ್ದೆ. ಒಂದೂವರೆ ಗಂಟೆ ದಾರಿ. ಜಿಲ್ಲಾ ಆಸ್ಪತ್ರೆಯ ಬಾಗಿಲಲ್ಲಿ ಸಿಸ್ಟರ್ ಥರ್ಮಾಮೀಟರ್ ಇಡುವ ಮೊದಲೇ ಮುಂಗೈಯಿಂದ ಕೂಸಿನ ಹೊಟ್ಟೆ, ಆಮೇಲೆ ಅಂಗಾಲು ಮುಟ್ಟಿ ನೋಡುತ್ತಾಳೆ. ಹೊಟ್ಟೆ ಬೆಚ್ಚಗಿದ್ದು ಪಾದ ತಣ್ಣಗಿದ್ದರೆ ಕೂಸು ಇನ್ನೂ ಸೆಣಸುತ್ತಿದೆ ಎಂದರ್ಥ. ಎರಡೂ ತಣ್ಣಗಿದ್ದರೆ ಸೋಲುತ್ತಿದೆ. ಒದ್ದೆ ಬಟ್ಟೆ ಬಿಸಾಡಿ, ಟೋಪಿ, ಕಾಲುಚೀಲ ಹಾಕಿ, ಮೇಲಿನಿಂದ ಬಿಸಿ ಸೂಸುವ ವಾರ್ಮರಿನ ಕೆಳಗೆ ಮಲಗಿಸಿ, ಹಿಮ್ಮಡಿ ಚುಚ್ಚಿ ಸಕ್ಕರೆ ನೋಡುತ್ತಾರೆ. ಅದೂ ಇಳಿದಿರುತ್ತದೆ. ಬಿಸಿ ಹುಟ್ಟಿಸಲು ಕೂಸು ತನ್ನ ಸಕ್ಕರೆ ಮತ್ತು ಆಮ್ಲಜನಕ ಎರಡನ್ನೂ ಖರ್ಚು ಮಾಡಿಕೊಂಡಿದೆ, ರಕ್ತ ಆಮ್ಲೀಯವಾಗಿದೆ, ಶ್ವಾಸಕೋಶದ ರಕ್ತನಾಳಗಳು ಬಿಗಿದಿವೆ. ರಿಜಿಸ್ಟರಿನಲ್ಲಿ ಇದು ‘ಹೊರಗಿಂದ ಬಂದದ್ದು, 1,400 ಗ್ರಾಂ’ ಎಂದು ಒಂದೇ ಸಾಲು. ಹೊರಗಿಂದ ಬಂದ ಮಕ್ಕಳ ಸಾವು ಅಲ್ಲೇ ಹುಟ್ಟಿದವುಗಳದ್ದಕ್ಕಿಂತ ಹೆಚ್ಚು ಎಂದು ದೇಶದ ಘಟಕಗಳ ವರದಿಗಳು ಮತ್ತೆ ಮತ್ತೆ ಹೇಳುತ್ತವೆ. ಆಶ್ಚರ್ಯಪಡುವಂಥದ್ದೇನಿಲ್ಲ. ಒಳ್ಳೆಯ ಇನ್‌ಕ್ಯುಬೇಟರ್ ಯಾವುದೆಂದರೆ, ಕೂಸು ಇನ್ನೂ ಹೊಟ್ಟೆಯಲ್ಲಿರುವಾಗಲೇ ತಾಯಿಯನ್ನು ದೊಡ್ಡ ಆಸ್ಪತ್ರೆಗೆ ಕರೆದೊಯ್ಯುವುದು.

ಬಿಸಿಯ ನಂತರ ಉಸಿರು. ಶ್ವಾಸಕೋಶದ ಗಾಳಿಗೂಡುಗಳ ಒಳಗೋಡೆ ಒದ್ದೆ. ಒದ್ದೆ ಪ್ಲಾಸ್ಟಿಕ್ ಚೀಲದ ಎರಡು ಬದಿ ಒಂದಕ್ಕೊಂದು ಅಂಟಿಕೊಳ್ಳುವ ಹಾಗೆ ಅವೂ ಪ್ರತಿ ಉಸಿರು ಬಿಟ್ಟಾಗ ಅಂಟಿಕೊಳ್ಳಬೇಕಿತ್ತು. ಅಂಟದಂತೆ ತಡೆಯುವುದು ಸರ್ಫ್ಯಾಕ್ಟಂಟ್ ಎಂಬ ಜಿಡ್ಡು. ಅದು ಸಾಕಷ್ಟು ತಯಾರಾಗುವುದು 34–35 ವಾರದ ಸುಮಾರಿಗೆ. ಅದಕ್ಕೂ ಮೊದಲು ಹುಟ್ಟಿದ ಕೂಸು ಪ್ರತಿ ಉಸಿರಿಗೂ ಮೊದಲ ಉಸಿರಿನಷ್ಟೇ ಕಷ್ಟಪಡಬೇಕು. ಎದೆ ಒಳಕ್ಕೆ ಸೆಳೆಯುತ್ತದೆ, ನರಳುತ್ತದೆ, ಕೊನೆಗೆ ದಣಿಯುತ್ತದೆ. ಬೋಸ್ಟನ್ನಿನಲ್ಲಿ ಮೇರಿ ಎಲನ್ ಏವರಿ ಮತ್ತು ಜೆರ್ ಮೀಡ್ ಈ ಕಾರಣವನ್ನು ಪ್ರಕಟಿಸಿದ್ದು 1959ರಲ್ಲಿ. ನಾಲ್ಕು ವರ್ಷದ ನಂತರ, 1963ರ ಆಗಸ್ಟ್ 7ರಂದು, ಅಮೆರಿಕದ ಅಧ್ಯಕ್ಷ ಜಾನ್ ಕೆನಡಿಯ ಮಗ ಪ್ಯಾಟ್ರಿಕ್ ಐದೂವರೆ ವಾರ ಮೊದಲೇ ಹುಟ್ಟಿದ. ತೂಕ ಸುಮಾರು 2.1 ಕಿಲೋ. ಇದ್ದಬದ್ದ ಎಲ್ಲ ಉಪಾಯ ಮಾಡಿ ನೋಡಿದರು, ಹೆಚ್ಚಿನ ಒತ್ತಡದ ಆಮ್ಲಜನಕದ ಕೋಣೆಯಲ್ಲೂ ಇಟ್ಟರು. 39 ಗಂಟೆ ಬದುಕಿದ. ಇವತ್ತು ಅಷ್ಟು ತೂಕದ, ಅಷ್ಟು ವಾರದ ಮಗು ನಮ್ಮ ಜಿಲ್ಲಾ ಆಸ್ಪತ್ರೆಗೆ ಹೊತ್ತಿಗೆ ಸರಿಯಾಗಿ ಬಂದರೆ ಸಿಸ್ಟರ್‌ಗಳು ಅಷ್ಟೇನೂ ಗಾಬರಿಯಾಗುವುದಿಲ್ಲ.

ಏಕೆಂದರೆ 1971ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದ ಜಾರ್ಜ್ ಗ್ರೆಗರಿ ಒಂದು ಸರಳ ಉಪಾಯ ತೋರಿಸಿಕೊಟ್ಟ. ಉಸಿರು ಬಿಡುವಾಗಲೂ ಸ್ವಲ್ಪ ಒತ್ತಡ ಉಳಿಯುವಂತೆ ಮಾಡಿದರೆ ಗಾಳಿಗೂಡು ಪೂರ್ತಿ ಮುಚ್ಚುವುದಿಲ್ಲ. ಇದೇ ಸಿಪ್ಯಾಪ್. ಅದರ ಅಗ್ಗದ ರೂಪ ಎಷ್ಟು ಸರಳವೆಂದರೆ, ಮೂಗಿಗೆ ಜೋಡಿಸಿದ ನಳಿಗೆಯ ಇನ್ನೊಂದು ತುದಿಯನ್ನು ನೀರಿನ ಬಾಟಲಿಯಲ್ಲಿ ಐದು ಸೆಂಟಿಮೀಟರ್ ಮುಳುಗಿಸಿದರೆ ಆಯಿತು. ಗುಳುಗುಳು ಸದ್ದು ಬರುತ್ತಿದ್ದರೆ ಒತ್ತಡ ಇದೆ. ಸದ್ದು ನಿಂತರೆ ಎಲ್ಲೋ ಸೋರುತ್ತಿದೆ.

ಉಸಿರಿನ ಇನ್ನೊಂದು ಮದ್ದು ಐಸಿಯುಗೆ ಬರುವ ಮೊದಲೇ ಕೊಡುವಂಥದ್ದು. ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ ಗ್ರಹಾಂ ಲಿಗಿನ್ಸ್ ಕುರಿಗಳಲ್ಲಿ ಹೆರಿಗೆ ಹೇಗೆ ಶುರುವಾಗುತ್ತದೆ ಎಂದು ಹುಡುಕುತ್ತಿದ್ದ. ಸ್ಟಿರಾಯ್ಡ್ ಕೊಟ್ಟಾಗ ತೀರಾ ಮೊದಲೇ ಹುಟ್ಟಿದ ಒಂದು ಮರಿ, ಸಾಯಬೇಕಿದ್ದದ್ದು, ಉಸಿರಾಡುತ್ತಿತ್ತು. ಕೊಯ್ದು ನೋಡಿದರೆ ಅದರ ಶ್ವಾಸಕೋಶ ಅಲ್ಲಲ್ಲಿ ಅರಳಿತ್ತು. ರಾಸ್ ಹೋವಿ ಜೊತೆ ಸೇರಿ 282 ಗರ್ಭಿಣಿಯರಲ್ಲಿ ಪರೀಕ್ಷಿಸಿ 1972ರಲ್ಲಿ ಪ್ರಕಟಿಸಿದ: ಹೆರಿಗೆಗೆ ಮುಂಚೆ ತಾಯಿಗೆ ಸ್ಟಿರಾಯ್ಡ್ ಇಂಜೆಕ್ಷನ್ ಕೊಟ್ಟರೆ ಮಗುವಿನ ಶ್ವಾಸಕೋಶ ಬೇಗ ಬಲಿಯುತ್ತದೆ. ಮೊದಲ ವಾರದ ಸಾವು ಶೇ 15ರಿಂದ ಶೇ 3ರ ಸುಮಾರಿಗೆ ಇಳಿದಿತ್ತು.

ಅಗ್ಗದ ಇಂಜೆಕ್ಷನ್, ಭಾರಿ ಲಾಭ. ಹಾಗಾದರೆ ಬಡ ದೇಶಗಳ ಹಳ್ಳಿಹಳ್ಳಿಯಲ್ಲೂ ಕೊಟ್ಟುಬಿಡೋಣ ಅನ್ನಿಸುವುದು ಸಹಜ. ಆರು ದೇಶಗಳಲ್ಲಿ, ಸುಮಾರು ಒಂದು ಲಕ್ಷ ಹೆರಿಗೆಗಳಲ್ಲಿ ಇದನ್ನು ಪರೀಕ್ಷಿಸಿದರು. ಭಾರತದ ಎರಡು ಕೇಂದ್ರಗಳಲ್ಲಿ ಒಂದು ಬೆಳಗಾವಿ. 2015ರಲ್ಲಿ ಫಲಿತಾಂಶ ಬಂದಾಗ ಎಲ್ಲರೂ ಬೆಚ್ಚಿದರು. ಅತಿ ಸಣ್ಣ ಕೂಸುಗಳಲ್ಲಿ ಸಾವು ಕಡಿಮೆಯಾಗಲೇ ಇಲ್ಲ. ಎಲ್ಲ ಕೂಸುಗಳನ್ನೂ ಒಟ್ಟಿಗೆ ತೆಗೆದುಕೊಂಡರೆ ಇಂಜೆಕ್ಷನ್ ಜಾರಿಗೆ ತಂದ ಊರುಗಳಲ್ಲಿ ಸಾವಿರಕ್ಕೆ 27.4, ತರದ ಕಡೆ 23.9. ತಾಯಂದಿರಲ್ಲಿ ಸೋಂಕಿನ ಅನುಮಾನವೂ ಹೆಚ್ಚಿತ್ತು. ಗರ್ಭದ ವಾರಗಳ ಲೆಕ್ಕ ಸರಿಯಿಲ್ಲದ ಕಡೆ, ದಿನ ತುಂಬಿಯೇ ಹೆರುವವರಿಗೂ ಇಂಜೆಕ್ಷನ್ ಬಿದ್ದಿತ್ತು. ಹುಟ್ಟಿದ ಸಣ್ಣ ಕೂಸನ್ನು ನೋಡಿಕೊಳ್ಳಲು ಪಕ್ಕದಲ್ಲಿ ಘಟಕ ಇರಲಿಲ್ಲ. ಶ್ವಾಸಕೋಶ ಬಲಿತರೂ ಕೂಸು ತಣ್ಣಗಾಗಿ ಅಥವಾ ನಂಜೇರಿ ಹೋಗಬಹುದು.

ಅಲ್ಲಿಗೆ ಬಿಟ್ಟಿದ್ದರೆ ಸ್ಟಿರಾಯ್ಡ್ ನಮ್ಮಂಥವರಿಗಲ್ಲ ಎಂದಾಗುತ್ತಿತ್ತು. ಮತ್ತೊಂದು ಪ್ರಯೋಗ ನಡೆಯಿತು. ಅದರಲ್ಲೂ ಬೆಳಗಾವಿ ಇತ್ತು. ಈ ಸಲ ಆಸ್ಪತ್ರೆಗಳಲ್ಲಿ ಮಾತ್ರ, ಸ್ಕ್ಯಾನ್ ಮಾಡಿ 26ರಿಂದ 34 ವಾರದೊಳಗೆ ಎಂದು ಖಚಿತವಾದವರಿಗೆ, ಹುಟ್ಟುವ ಕೂಸಿಗೆ ಆರೈಕೆಯ ವ್ಯವಸ್ಥೆ ಇರುವ ಕಡೆ. 2,852 ತಾಯಂದಿರು. 2020ರಲ್ಲಿ ಬಂದ ಫಲಿತಾಂಶ: ಇಂಜೆಕ್ಷನ್ ಪಡೆದವರ ಮಕ್ಕಳಲ್ಲಿ ಸಾವು ಶೇ 19.6, ಪಡೆಯದವರಲ್ಲಿ 23.5. ಔಷಧಿ ಅದೇ. ಸುತ್ತಲ ವ್ಯವಸ್ಥೆ ಬೇರೆ.

ಇದಕ್ಕೆ ತಿರುಗುಮುರುಗಾದ ಇನ್ನೊಂದು ಉದಾಹರಣೆ ಇದೆ. ಹುಟ್ಟುವಾಗ ಉಸಿರುಗಟ್ಟಿ ಮಿದುಳಿಗೆ ಪೆಟ್ಟಾದ, ದಿನ ತುಂಬಿದ ಮಕ್ಕಳನ್ನು ಮೂರು ದಿನ ಬೇಕೆಂದೇ 33–34 ಡಿಗ್ರಿಗೆ ತಣ್ಣಗಿಟ್ಟರೆ ಶ್ರೀಮಂತ ದೇಶಗಳಲ್ಲಿ ಸಾವು, ಅಂಗವೈಕಲ್ಯ ಎರಡೂ ಕಡಿಮೆಯಾಗುತ್ತವೆ. ಭಾರತ, ಶ್ರೀಲಂಕಾ, ಬಾಂಗ್ಲಾದೇಶಗಳಲ್ಲಿ, ಬೆಂಗಳೂರೂ ಸೇರಿದಂತೆ, 408 ಮಕ್ಕಳಲ್ಲಿ ಇದನ್ನು ಪರೀಕ್ಷಿಸಿದಾಗ ತಣ್ಣಗಿಟ್ಟವರಲ್ಲಿ ಶೇ 42 ಸತ್ತರು, ಇಡದವರಲ್ಲಿ ಶೇ 31. ಫಲಿತಾಂಶ 2021ರಲ್ಲಿ ಪ್ರಕಟವಾಯಿತು. ಹೊರಗಿನ ಪುಸ್ತಕದಲ್ಲಿದೆ ಎಂದು ಇಲ್ಲಿ ನಂಬಿ ಮಾಡುವುದಕ್ಕೆ ಇದಕ್ಕಿಂತ ಗಟ್ಟಿಯಾದ ತಡೆ ಬೇಕಿಲ್ಲ.

ಜಿಲ್ಲಾ ಆಸ್ಪತ್ರೆಯಲ್ಲಿ ನವಜಾತ ಘಟಕ ನಡೆಸಬಹುದೇ ಎಂಬ ಪ್ರಶ್ನೆಗೆ ಭಾರತದಲ್ಲಿ ಮೊದಲು ಉತ್ತರ ಸಿಕ್ಕಿದ್ದು ಮಹಾನಗರದಲ್ಲಲ್ಲ, ಪಶ್ಚಿಮ ಬಂಗಾಳದ ಬಡ ಜಿಲ್ಲೆ ಪುರುಲಿಯಾದಲ್ಲಿ. 2003ರಲ್ಲಿ ಡಾ. ಅರುಣ್ ಸಿಂಗ್ ಮತ್ತು ಸಂಗಡಿಗರು ಅಲ್ಲಿನ ಸದರ್ ಆಸ್ಪತ್ರೆಯಲ್ಲಿ ಘಟಕ ತೆರೆದರು. ನರ್ಸ್‌ಗಳ ಕೊರತೆಗೆ ಊರಿನ ಹುಡುಗಿಯರಿಗೇ ತರಬೇತಿ ಕೊಟ್ಟು ಸಹಾಯಕಿಯರನ್ನಾಗಿ ಮಾಡಿಕೊಂಡರು. ಆಸ್ಪತ್ರೆಯಲ್ಲಿ ನವಜಾತ ಶಿಶುಗಳ ಸಾವು ಮೊದಲ ವರ್ಷ ಶೇ 14, ಎರಡನೇ ವರ್ಷ ಶೇ 21 ಇಳಿಯಿತು. ಮುಂದೆ ಅದೇ ದೇಶದ ಮಾದರಿಯಾಯಿತು: ಪ್ರತಿ ಹೆರಿಗೆ ಕೋಣೆಯಲ್ಲಿ ಒಂದು ವಾರ್ಮರಿನ ಮೂಲೆ, ಮಧ್ಯದ ಹಂತದಲ್ಲಿ ನಾಲ್ಕು ಹಾಸಿಗೆ, ಜಿಲ್ಲೆಯಲ್ಲಿ ಕನಿಷ್ಠ ಹನ್ನೆರಡು. 34 ವಾರಕ್ಕೂ ಮೊದಲು ಹುಟ್ಟಿದ್ದು ಅಥವಾ 1,800 ಗ್ರಾಂಗಿಂತ ಕಡಿಮೆ ಇರುವುದು ಸೇರಬೇಕು. ಹಾಲು ಕುಡಿಯದ್ದು, ನಿಮಿಷಕ್ಕೆ 60ಕ್ಕಿಂತ ಹೆಚ್ಚು ಸಲ ಉಸಿರಾಡುವುದು, ಫಿಟ್ಸ್ ಬಂದದ್ದು, ಕಾಮಾಲೆ ಹೆಚ್ಚಾದದ್ದು ಎಲ್ಲವೂ. 2011ರಿಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಇದಕ್ಕೆ ದುಡ್ಡು ಕೊಡಬೇಕಿಲ್ಲ. ಈಗ ಇಂಥ 900ಕ್ಕೂ ಹೆಚ್ಚು ಘಟಕಗಳಲ್ಲಿ ವರ್ಷಕ್ಕೆ ಹತ್ತು ಲಕ್ಷದಷ್ಟು ಕೂಸುಗಳು ಸೇರುತ್ತವೆ.

ಅವುಗಳಲ್ಲಿ ಹೆಣ್ಣು ಕೂಸುಗಳು ಎಷ್ಟು ಎಂದು ಲೆಕ್ಕ ಹಾಕಿದರೆ ಮನಸ್ಸು ಕಹಿಯಾಗುತ್ತದೆ. 2017ರಲ್ಲಿ ಗಂಡುಗಳಿಗಿಂತ ಒಂದೂವರೆ ಲಕ್ಷದಷ್ಟು ಕಡಿಮೆ ಹೆಣ್ಣು ಶಿಶುಗಳು ಈ ಘಟಕಗಳಿಗೆ ಬಂದವು ಎಂದು ಯುನಿಸೆಫ್ ಹೇಳಿತು. ಗಂಡು ಕೂಸುಗಳು ಜೈವಿಕವಾಗಿ ಸ್ವಲ್ಪ ನಾಜೂಕು, ಅವುಗಳಿಗೆ ಕಾಯಿಲೆ ಹೆಚ್ಚು ಎಂಬುದು ನಿಜ. ಹಾಗಾಗಿ ಸಮ ಸಂಖ್ಯೆ ನಿರೀಕ್ಷಿಸುವಂತಿಲ್ಲ. ಆದರೆ ಚಿಕಿತ್ಸೆ ಪುಕ್ಕಟೆ ಎಂದ ಮೇಲೂ ಇಷ್ಟು ಅಂತರ ಜೀವಶಾಸ್ತ್ರದ್ದು ಮಾತ್ರ ಆಗಿರಲಾರದು. ಗಾಡಿ ಬಾಡಿಗೆ, ಕೂಲಿ ಬಿಟ್ಟು ಹತ್ತು ದಿನ ಕಾರಿಡಾರಿನಲ್ಲಿ ಕೂರುವುದು, ಇವು ಪುಕ್ಕಟೆಯಲ್ಲ. ಯಾರಿಗಾಗಿ ಆ ಖರ್ಚು ಎಂಬ ತೀರ್ಮಾನ ಮನೆಯಲ್ಲೇ ಆಗಿರುತ್ತದೆ. ಬಾರದೇ ಉಳಿದ ಹೆಣ್ಣು ಕೂಸು ಯಾವ ಘಟಕದ ಶೇಕಡಾವಾರನ್ನೂ ಕೆಡಿಸುವುದಿಲ್ಲ.

ಇಂಥ ಆಯ್ಕೆ ನಮ್ಮಲ್ಲಿ ಮಾತ್ರ ನಡೆಯುತ್ತದೆ ಎಂದುಕೊಳ್ಳಬೇಡಿ. ಅಮೆರಿಕದ 24 ಆಸ್ಪತ್ರೆಗಳಲ್ಲಿ 22, 23 ವಾರಕ್ಕೆ ಹುಟ್ಟಿದ ಕೂಸುಗಳು ಉಳಿಯುವ ಪ್ರಮಾಣ ಒಂದೊಂದು ಕಡೆ ಒಂದೊಂದು ಥರ ಇತ್ತು. 2015ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ ಆ ವ್ಯತ್ಯಾಸದ ಮುಕ್ಕಾಲು ಪಾಲಿಗೂ ಹೆಚ್ಚು, ಆಸ್ಪತ್ರೆ ಚಿಕಿತ್ಸೆಗೆ ಕೈ ಹಾಕಿತೇ ಇಲ್ಲವೇ ಎಂಬುದರಿಂದಲೇ ಬಂದದ್ದು. ‘ಈ ವಾರದ ಕೂಸು ಉಳಿಯುವುದಿಲ್ಲ’ ಎಂದು ಮುಟ್ಟದಿದ್ದ ಕಡೆ ಅವು ಉಳಿಯಲಿಲ್ಲ, ಮಾತು ನಿಜವಾಯಿತು.

ಘಟಕವೇ ಇಲ್ಲದೆ ಎಷ್ಟು ದೂರ ಹೋಗಬಹುದು ಎಂದು ತೋರಿಸಿದವರೂ ಇದ್ದಾರೆ. ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ಅಭಯ್ ಮತ್ತು ರಾಣಿ ಬಂಗ್ ದಂಪತಿ ಹಳ್ಳಿಯ ಹೆಂಗಸರಿಗೆ ಕೂಸನ್ನು ಬೆಚ್ಚಗಿಡುವುದು, ಅಳದ ಕೂಸಿಗೆ ಉಸಿರೂದುವುದು, ನಂಜಿನ ಲಕ್ಷಣ ಗುರುತಿಸಿ ಇಂಜೆಕ್ಷನ್ ಕೊಡುವುದು ಕಲಿಸಿದರು. ಮೂರನೇ ವರ್ಷ, 1997–98ರಲ್ಲಿ, ನವಜಾತ ಶಿಶುಗಳ ಸಾವು ಶೇ 62 ತಗ್ಗಿತ್ತು. ಈಗ ಆಶಾ ಕಾರ್ಯಕರ್ತೆ ಬಾಣಂತಿಯ ಮನೆಗೆ ತಕ್ಕಡಿ, ಥರ್ಮಾಮೀಟರ್ ಹಿಡಿದು ಬರುವುದರ ಹಿಂದೆ ಆ ಕೆಲಸವಿದೆ.

ಇನ್ನು ಘಟಕದೊಳಗೇ ಕಾದಿರುವ ಅಪಾಯ. ದೆಹಲಿಯ ಮೂರು ದೊಡ್ಡ ಆಸ್ಪತ್ರೆಗಳಲ್ಲಿ 2011ರಿಂದ 2014ರವರೆಗೆ, ಅಲ್ಲೇ ಹುಟ್ಟಿ ಐಸಿಯು ಸೇರಿದ 13,530 ಕೂಸುಗಳನ್ನು ಬೆನ್ನುಹತ್ತಿ ನೋಡಿದರು. ನೂರಕ್ಕೆ 14ಕ್ಕೆ ನಂಜು, ಅದರಲ್ಲೂ ಮೂರನೇ ಎರಡು ಪಾಲು ಹುಟ್ಟಿದ 72 ಗಂಟೆಯೊಳಗೆ. ರಕ್ತದಲ್ಲಿ ಹೆಚ್ಚಾಗಿ ಸಿಕ್ಕವು ಅಸಿನೆಟೊಬ್ಯಾಕ್ಟರ್, ಕ್ಲೆಬ್ಸಿಯೆಲ್ಲಾದಂಥ, ಆಸ್ಪತ್ರೆಯ ನಲ್ಲಿ, ಸಿಂಕು, ಕೈಗಳ ಮೇಲೆ ಬದುಕುವ ಬ್ಯಾಕ್ಟೀರಿಯಾಗಳು. ಅಸಿನೆಟೊಬ್ಯಾಕ್ಟರ್‌ಗಳಲ್ಲಿ ಶೇ 82 ಹಲವು ಆಂಟಿಬಯಾಟಿಕ್‌ಗಳಿಗೆ ಬಗ್ಗದವು. ಒಂದೇ ವಾರ್ಮರಿನಲ್ಲಿ ಎರಡು ಕೂಸು ಮಲಗಿಸಬೇಕಾದ ಘಟಕದಲ್ಲಿ ಸೇರಿಸಿಕೊಂಡ ಪ್ರತಿ ಕೂಸೂ ಪಕ್ಕದ್ದಕ್ಕೆ ಅಪಾಯ. ‘ಬೆಡ್ ಇಲ್ಲ’ ಎನ್ನುವ ವೈದ್ಯ ಯಾವಾಗಲೂ ಕಟುಕನಲ್ಲ.

ಈ ಇಕ್ಕಟ್ಟಿಗೆ ಒಂದು ದಾರಿ 1978ರ ಸುಮಾರಿಗೆ ಕೊಲಂಬಿಯಾದ ಬೊಗೊಟಾದಲ್ಲಿ ಸಿಕ್ಕಿತು. ಇನ್‌ಕ್ಯುಬೇಟರ್ ಸಾಲದೆ, ನಂಜು ತಡೆಯಲಾಗದೆ ಹೈರಾಣಾಗಿದ್ದ ಎಡ್ಗರ್ ರೇ ಎಂಬ ವೈದ್ಯ ಕೂಸುಗಳನ್ನು ತಾಯಿಯ ಎದೆಗೇ ಚರ್ಮಕ್ಕೆ ಚರ್ಮ ತಾಗುವಂತೆ ಕಟ್ಟಿದ. ಕಾಂಗರೂ ಆರೈಕೆ ಎಂಬ ಹೆಸರು ಆಮೇಲೆ ಅಂಟಿತು. ಬಹಳ ಕಾಲ ಇದನ್ನು ಚೇತರಿಸಿಕೊಂಡ ಕೂಸಿಗೆ ಮಾತ್ರ, ಮನೆಗೆ ಕಳಿಸುವ ಮೊದಲು, ಬಡವರ ಉಪಾಯವಾಗಿ ನೋಡಿದರು. ವಿಶ್ವ ಆರೋಗ್ಯ ಸಂಸ್ಥೆ ಆಫ್ರಿಕಾದ ನಾಲ್ಕು ದೇಶ ಮತ್ತು ಭಾರತದಲ್ಲಿ ಪ್ರಶ್ನೆಯನ್ನು ತಿರುಗಿಸಿ ಕೇಳಿತು: ಚೇತರಿಸಿಕೊಳ್ಳುವವರೆಗೆ ಕಾಯದೆ, ಹುಟ್ಟಿದ ಕೂಡಲೇ ಶುರುಮಾಡಿದರೆ? ಇಲ್ಲಿನ ಕೇಂದ್ರ ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆ. ಒಂದು ಕಿಲೋದಿಂದ 1.8 ಕಿಲೋವರೆಗಿನ 3,211 ಕೂಸುಗಳು. ಒಂದು ಗುಂಪಿಗೆ ಸರಾಸರಿ ಒಂದೂಕಾಲು ಗಂಟೆಯಲ್ಲೇ ತಾಯಿಯ ಅಥವಾ ಮನೆಯ ಇನ್ನೊಬ್ಬರ ಎದೆ ಸಿಕ್ಕಿತು, ದಿನಕ್ಕೆ ಸುಮಾರು 17 ಗಂಟೆ. ಇನ್ನೊಂದಕ್ಕೆ ವಾರ್ಮರ್, ಎರಡು ದಿನ ಕಳೆದ ಮೇಲೆ ಎದೆ. ಮೊದಲ ಗುಂಪಿನಲ್ಲಿ ಶೇ 12 ತೀರಿದವು, ಎರಡನೆಯದರಲ್ಲಿ 15.7. ವ್ಯತ್ಯಾಸ ಎಷ್ಟು ಸ್ಪಷ್ಟವಾಗಿತ್ತೆಂದರೆ ಪ್ರಯೋಗವನ್ನು ಅವಧಿಗೆ ಮೊದಲೇ ನಿಲ್ಲಿಸಿದರು. 2021ರಲ್ಲಿ ಇದು ಪ್ರಕಟವಾದಾಗ ಬ್ಯುಡಾಂ ಹೇಳಿದ್ದ ಉತ್ತರಾರ್ಧಕ್ಕೆ ಅಂಕಿಅಂಶ ಸಿಕ್ಕಿತು.

ಹೇಳುವುದು ಸುಲಭ, ಜಾಗ ಮಾಡುವುದು ಕಷ್ಟ. ತಾಯಿ ಒಳಗಿರಬೇಕೆಂದರೆ ಐಸಿಯುನಲ್ಲಿ ಅವಳಿಗೂ ಹಾಸಿಗೆ ಬೇಕು, ಅವಳ ಹೊಲಿಗೆ ನೋಡುವ ಹೆರಿಗೆ ವೈದ್ಯರು ಒಳಗೆ ಬರಬೇಕು, ಬಾಣಂತಿಯ ಊಟ, ಶೌಚಾಲಯ, ಅವಳ ಅತ್ತೆಯ ಒಪ್ಪಿಗೆ ಎಲ್ಲವೂ ಆಗಬೇಕು. ಕಾಂಗರೂ ಆರೈಕೆಯನ್ನು ಒಂದು ಆಸ್ಪತ್ರೆಗೆ ಮೀಸಲಿಡದೆ ಇಡೀ ಜಿಲ್ಲೆಗೆ ಹಬ್ಬಿಸಲು ಸಾಧ್ಯವೇ ಎಂದು ನೋಡಿದ ಪ್ರಯತ್ನಗಳಲ್ಲಿ ನಮ್ಮ ಕೊಪ್ಪಳವೂ ಒಂದು. ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧಕರು ಸರಕಾರಿ ಆಸ್ಪತ್ರೆಗಳ ಜೊತೆ ಸೇರಿ ಅಲ್ಲಿ ಕೆಲಸ ಮಾಡಿದರು. ದಿನಕ್ಕೆ ಎಂಟು ಗಂಟೆ ಎದೆಗೆ ಕಟ್ಟಿಕೊಳ್ಳುವುದು, ಬರೀ ತಾಯಿಹಾಲು, ಮನೆಗೆ ಹೋದ ಮೇಲೂ ಮುಂದುವರಿಯುವುದು, ಇಷ್ಟೇ ಅಳತೆಗೋಲು.

ಈಗ ಲಾಮಾ. ಹಬ್ಬ, ಸುಗ್ಗಿ, ಮನೆಯಲ್ಲಿ ಬಿಟ್ಟುಬಂದ ಇನ್ನೊಂದು ಮಗು, ‘ಇನ್ನು ಆಸೆ ಇಲ್ಲವಂತೆ’ ಎಂದು ಯಾರೋ ಅಂದದ್ದು, ಕಾರಣ ಏನೇ ಇರಲಿ, ಸಹಿ ಹಾಕಿ ಕರೆದೊಯ್ದ ಕೂಸು ಸಾವಿನ ಕಾಲಂನಿಂದ ಹೊರಗೆ. ಅವುಗಳಲ್ಲಿ ಎಷ್ಟೋ ಮನೆ ತಲುಪುವ ಹೊತ್ತಿಗೇ ಮುಗಿದಿರಬಹುದು. ಲಾಮಾ ಹೆಚ್ಚಿದ್ದು ಸಾವು ಕಡಿಮೆಯಿರುವ ವರದಿಯನ್ನು ಯಾರಾದರೂ ಹೊಗಳಿದರೆ, ಎರಡೂ ಕಾಲಂ ಕೂಡಿಸಿ ನೋಡಿ ಎನ್ನಬೇಕು.

ಡಿಸ್ಚಾರ್ಜ್ ಎಂಬ ಪದವೂ ಪೂರ್ತಿ ನಂಬುವಂಥದ್ದಲ್ಲ. 1940ರ ದಶಕದಲ್ಲಿ ಶ್ರೀಮಂತ ದೇಶಗಳ ಆಸ್ಪತ್ರೆಗಳು ದಿನ ತುಂಬದ ಮಕ್ಕಳಿಗೆ ಧಾರಾಳವಾಗಿ ಆಮ್ಲಜನಕ ಕೊಟ್ಟವು. ಮಕ್ಕಳು ಉಳಿದರು, ಆದರೆ ಸುಮಾರು 10,000 ಮಕ್ಕಳು ಕುರುಡರಾದರು. ಬಲಿಯದ ರೆಟಿನಾದಲ್ಲಿ ರಕ್ತನಾಳಗಳು ಅಡ್ಡಾದಿಡ್ಡಿ ಬೆಳೆದು ಅದನ್ನೇ ಎಳೆದು ಕಿತ್ತಿದ್ದವು. 1954ರ ಹೊತ್ತಿಗೆ ಕಾರಣ ಖಚಿತವಾಗಿ ಆಮ್ಲಜನಕಕ್ಕೆ ಕಡಿವಾಣ ಬಿತ್ತು. ಕುರುಡು ಕಡಿಮೆಯಾಯಿತು, ಸಾವು ಹೆಚ್ಚಿತು. ಉಳಿದ ಒಬ್ಬೊಬ್ಬರ ಕಣ್ಣಿಗೆ ಸುಮಾರು 16 ಕೂಸುಗಳು ಜೀವ ತೆತ್ತಿರಬಹುದು ಎಂದು 1973ರಲ್ಲಿ ಒಬ್ಬರು ಅಂದಾಜು ಕಟ್ಟಿದರು. ಕಣ್ಣು ಎಣಿಸುವವರು ಜೀವ ಎಣಿಸಿರಲಿಲ್ಲ, ಅದಕ್ಕೂ ಮೊದಲು ಜೀವ ಎಣಿಸುವವರು ಕಣ್ಣು ಎಣಿಸಿರಲಿಲ್ಲ. ಈಗ ರಕ್ತದ ಆಮ್ಲಜನಕವನ್ನು ಶೇ 90–95ರ ನಡುವೆ ಹಿಡಿದಿಡುವುದು ರೂಢಿ. ಕೂಸಿನ ಪಾದಕ್ಕೆ ಸುತ್ತಿದ ಕೆಂಪು ದೀಪದ ಪಟ್ಟಿ ಅದನ್ನೇ ಕಾಯುವುದು.

ನಮ್ಮ ಜಿಲ್ಲಾ ಘಟಕಗಳು ಸಣ್ಣ ಕೂಸುಗಳನ್ನು ಉಳಿಸತೊಡಗಿದ ಮೇಲೆ ಆ ರೋಗ ಇಲ್ಲಿಗೂ ಬಂತು. ಕಣ್ಣಿನ ತಜ್ಞರು ನಗರಗಳಲ್ಲಿ, ಕೂಸುಗಳು ತಾಲ್ಲೂಕುಗಳಲ್ಲಿ. 2008ರಲ್ಲಿ ಬೆಂಗಳೂರಿನ ನಾರಾಯಣ ನೇತ್ರಾಲಯದ ಡಾ. ಆನಂದ್ ವಿನೇಕರ್ ತಂಡ ‘ಕಿಡ್ರಾಪ್’ ಶುರುಮಾಡಿತು. ವೈದ್ಯರಲ್ಲದ ತಂತ್ರಜ್ಞರು ಕ್ಯಾಮೆರಾ ಹೊತ್ತು ಜಿಲ್ಲೆಯಿಂದ ಜಿಲ್ಲೆಗೆ ಹೋಗಿ ಕೂಸಿನ ರೆಟಿನಾದ ಚಿತ್ರ ತೆಗೆಯುತ್ತಾರೆ, ಬೆಂಗಳೂರಿನಲ್ಲಿ ತಜ್ಞರು ಅದನ್ನು ನೋಡಿ ಹೇಳುತ್ತಾರೆ. ಎರಡು ಕಿಲೋಗಿಂತ ಕಡಿಮೆ ತೂಕದ ಅಥವಾ 34 ವಾರಕ್ಕೂ ಮೊದಲು ಹುಟ್ಟಿದ ಪ್ರತಿ ಕೂಸಿನ ಕಣ್ಣನ್ನೂ 30 ದಿನ ತುಂಬುವುದರೊಳಗೆ ನೋಡಬೇಕು, ತೀರಾ ಚಿಕ್ಕವನ್ನು ಇನ್ನೂ ಬೇಗ. ತೊಂದರೆ ಕಂಡರೆ ಲೇಸರ್‌ಗೆ ಸಿಗುವುದು ಎರಡು ಮೂರು ದಿನ ಮಾತ್ರ. ಆದರೆ ಎಷ್ಟೋ ಕೂಸುಗಳು ಹದಿನೈದನೇ ದಿನಕ್ಕೇ ತೂಕ ಹಿಡಿದು, ಡಿಸ್ಚಾರ್ಜ್ ಆಗಿ ತವರಿಗೆ ಹೋಗಿರುತ್ತವೆ. ಬಾಣಂತನ ಯಾವ ಊರಿನಲ್ಲಿ, ಮೊಬೈಲ್ ಯಾರ ಹತ್ತಿರ ಇರುತ್ತದೆ, ಆ ಊರಿನ ಆಶಾ ಯಾರು ಎಂದು ಡಿಸ್ಚಾರ್ಜ್ ಚೀಟಿ ಕೊಡುವಾಗ ಸಿಸ್ಟರ್ ಕೇಳಿ ಬರೆದುಕೊಳ್ಳುವುದು ಅದಕ್ಕೇ. ಗಂಡನ ಮನೆಯ ವಿಳಾಸ ಬರೆದುಕೊಂಡಿದ್ದರೆ ಕ್ಯಾಮೆರಾ ಬಂದ ದಿನ ಆ ಕೂಸು ಸಿಗುವುದಿಲ್ಲ.